ಪೂರ್ತಿ ಒಂದು ನಿಮಿಷ

ಆಸ್ಪತ್ರೆಯವರು ವರ್ಷಗಳ ಹಿಂದೆಯೇ ವಾರ್ಡುಗಳಿಂದ ನರ್ಸುಗಳ ಕುರ್ಚಿಗಳನ್ನೆಲ್ಲ ತೆಗೆಸಿದರು. ಪಾಳಿಯಲ್ಲಿ ಕೂರಕೂಡದು ಎಂದು ಗೋಡೆಗೆ ಚೀಟಿ ಅಂಟಿಸಿದರು.

ಅಂಥದೊಂದು ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದ ದೊಡ್ಡಕ್ಕ ಇವತ್ತು ತನ್ನ ಮನೆಯ ನಡುಕೋಣೆಯಲ್ಲಿ ಮಲಗಿದ್ದಳು. ಅವಳ ಕೈಕೆಳಗೆ ಪಳಗಿದ ನರ್ಸು ಗುಬ್ಬಿ ಬಗ್ಗಿಕೊಂಡು ಕಾಲ ಬಳಿಯ ಬಿಳಿ ಹೊದಿಕೆಯ ಮೂಲೆಯನ್ನು ಮಡಿಸಿ ಒಳಗೆ ಸಿಕ್ಕಿಸುತ್ತಿದ್ದಳು, ವಾರ್ಡಿನ ಹಾಸಿಗೆಗೆ ಸಿಕ್ಕಿಸುವ ಹಾಗೆಯೇ.

"ಇನ್ನೂ ಸ್ವಲ್ಪ ಎಳಿಯಮ್ಮ. ಸುಕ್ಕಿದ್ರೆ ಎದ್ದು ಬೈತಾಳೆ," ಎಂದ ದೊಡ್ಡಕ್ಕನ ಗಂಡ, ಟೈಲರು. ನೆರೆದವರಲ್ಲಿ ಒಂದಿಬ್ಬರು ನಕ್ಕರು.

"ರಾತ್ರಿ ಊಟ ಮಾಡಿ, ನನ್ನ ಬಿಪಿ ನೋಡಿ, ಉಪ್ಪು ಕಡಿಮೆ ಮಾಡು ಅಂತ ಗದರಿಸಿ ಹೋಗಿ ಮಲಗಿದವಳು ಏಳಲೇ ಇಲ್ಲ," ಎಂದಳು ಪಕ್ಕದ ಮನೆಯವಳು. "ಇಂಥ ಸಾವಿಗೆ ಹೊಟ್ಟೆಕಿಚ್ಚುಪಡಬೇಕು."

ಗುಬ್ಬಿಗೆ ಸಿಕ್ಕಿದ್ದು ಎರಡು ತಾಸಿನ ಬಿಡುವು. ನಲವತ್ತು ಹಾಸಿಗೆಗೆ ಇಬ್ಬರೇ ನರ್ಸುಗಳು, ನೀರು ಕುಡಿಯಲೂ ಪುರುಸೊತ್ತಿಲ್ಲ, ರಜೆ ಕೇಳಿದರೆ ಮುಖ ಸಿಂಡರಿಸುತ್ತಾರೆ. ಅವಳ ಬ್ಯಾಗಿನಲ್ಲಿ ರಾಜೀನಾಮೆ ಪತ್ರವಿತ್ತು. ಇವತ್ತೇ ಕೊಟ್ಟುಬಿಡುವುದೆಂದು ಗಟ್ಟಿ ಮನಸ್ಸು ಮಾಡಿದ್ದಳು.

*

ಕೆಲಸಕ್ಕೆ ಸೇರಿದ ದಿನ ಗುಬ್ಬಿ ಒಬ್ಬ ರೋಗಿಯ ನಾಡಿಯನ್ನು ಹದಿನೈದು ಸೆಕೆಂಡು ಹಿಡಿದು, ನಾಲ್ಕರಿಂದ ಗುಣಿಸಿ ಬರೆದಿದ್ದಳು.

"ಯಾರು ಕಲಿಸಿದ್ದೇ ಗುಬ್ಬಿ, ಈ ಮಗ್ಗಿ?" ದೊಡ್ಡಕ್ಕ ಬಟ್ಟೆಚೀಲದಿಂದ ಮಡಿಸುವ ಸ್ಟೂಲೊಂದನ್ನು ತೆಗೆದು ಬಿಡಿಸಿದಳು. "ಕೂತ್ಕೋ. ಪೂರ್ತಿ ಒಂದು ನಿಮಿಷ ಹಿಡಿ. ನಿಂತವರ ಕೈಯಲ್ಲಿ ಆತುರ ಇರುತ್ತೆ."

ನಲವತ್ತು ಸೆಕೆಂಡು ದಾಟಿದ ಮೇಲೆ ಆ ನಾಡಿ ಒಂದು ಹೆಜ್ಜೆ ತಪ್ಪಿತು. ಗುಬ್ಬಿ ತಲೆಯೆತ್ತಿದಳು.

"ಸಿಕ್ತಲ್ಲ? ಹೋಗಿ ಡಾಕ್ಟರಿಗೆ ಹೇಳು."

"ಕೂತಿದ್ದಕ್ಕೆ ಬೈಯಲ್ವಾ ದೊಡ್ಡಕ್ಕ?"

"ಬೈತಾರೆ. ಬೈದರೆ ಮೈಮೇಲೆ ಬೊಬ್ಬೆ ಏಳುತ್ತಾ?"

*

ದೊಡ್ಡಕ್ಕನನ್ನು ಒಯ್ಯುವ ವ್ಯಾನು ಹತ್ತುವ ಮುಂಚೆ ಟೈಲರು ಅದೇ ಬಟ್ಟೆಚೀಲವನ್ನು ಗುಬ್ಬಿಯ ಕೈಗಿಟ್ಟ.

"ನಿನಗೇ ಕೊಡಬೇಕು ಅಂದಿದ್ಲು. ಸ್ಟೂಲಿನ ಕ್ಯಾನ್ವಾಸ್ ಸವೆದಿತ್ತು, ಹೋದ ವಾರ ಹೊಸದು ಹೊಲಿದೆ."

"ನಾನು ಕೆಲಸ ಬಿಡ್ತಾ ಇದೀನಿ, ಮಾವ."

"ಬಿಡು, ಅದು ನಿನ್ನಿಷ್ಟ. ಎಲ್ಲಿಗೆ ಹೋದ್ರೂ ಜನಕ್ಕೆ ನಾಡಿ ಇರುತ್ತಲ್ಲ."

ಮಧ್ಯಾಹ್ನ ವಾರ್ಡಿನಲ್ಲಿ ಹದಿನೇಳನೇ ಹಾಸಿಗೆಯ ಮುದುಕ ಯಾಕೋ ತಲೆ ಸುತ್ತುತ್ತದೆ ಎಂದ. ಗುಬ್ಬಿ ಸ್ಟೂಲ್ ಬಿಡಿಸಿ ಕೂತಳು. ನೆಲ ಉಬ್ಬುತಗ್ಗು, ಸ್ಟೂಲ್ ಅಲುಗಾಡಿತು. ಅವಳು ಬ್ಯಾಗಿನಿಂದ ಆ ರಾಜೀನಾಮೆ ಪತ್ರ ತೆಗೆದು, ನಾಲ್ಕು ಮಡಿಕೆ ಮಾಡಿ, ನೆಲಕ್ಕೆ ತಾಗದ ಕಾಲಿನ ಅಡಿಗೆ ಸಿಕ್ಕಿಸಿದಳು. ಅಲುಗಾಟ ನಿಂತಿತು. ಮುದುಕನ ಮಣಿಕಟ್ಟು ಹಿಡಿದಳು.

ಮೇಲ್ವಿಚಾರಕಿಯ ಚಪ್ಪಲಿ ಸದ್ದು ಪಕ್ಕಕ್ಕೇ ಬಂದು ನಿಂತಿತು. "ಏನಿದು? ಏಳು. ಇದನ್ನ ಆಚೆ ಹಾಕು."

ಗುಬ್ಬಿ ಗಡಿಯಾರದಿಂದ ಕಣ್ಣು ಕೀಳಲಿಲ್ಲ.

"ಏಳಲ್ಲ ಮೇಡಂ. ಇನ್ನೂ ಅರ್ಧ ನಿಮಿಷ ಇದೆ."