ಟಿಫಿನ್ ಡಬ್ಬಿಗೊಂದು ಸೀಟು

“ಕಣ್ಣ ಕುಂಡಿಗಿ ಇಟಗೊಂಡೀಯೇನ, ಹಡಬಿ? ನನ್ನ ಟಾವೆಲ್ ಪಾಯಖಾನಿ ಬಾಜೂಕ ಯಾಕ ಹಾಸಿದಿ?”

ಸಾತಲಿಂಗಪ್ಪ ಬೋಗಿಯ ಬಾಗಿಲಲ್ಲೇ ನಿಂತು ಕೂಗಿದ. ಸೋನಾಬಾಯಿ ಕಸಬರಿಗೆ ಕೆಳಗಿಟ್ಟು, ಎರಡೇ ಬೆರಳಿನಿಂದ ಟಾವೆಲ್ಲಿನ ತುದಿ ಹಿಡಿದೆತ್ತಿ ಅವನ ಎಂದಿನ ಸೀಟಿಗೆ ಹಾಸಿದಳು. ಹಾಗೇ ಹಿಡಿಯಬೇಕೆಂದು ಅವನ ಅಪ್ಪಣೆ. ಅವನು ಅದನ್ನು ಮಗುಚಿ ಹಾಕಿ, ಅದರ ಮೇಲೆ ಕೂತ. ಮಗುಚಿದರೆ ಅವಳ ಮೈಲಿಗೆ ಅಡಿಗೆ ಹೋಗಿಬಿಡುತ್ತದೆಂದು ಅವನ ಲೆಕ್ಕಾಚಾರ.

ಸಾತಲಿಂಗಪ್ಪನ ಟಾವೆಲ್ ಅಂಗಡಿ ಸೊಲ್ಲಾಪುರದಲ್ಲಿ, ಮನೆ ಅಕ್ಕಲಕೋಟದಲ್ಲಿ. ದಿನಾ ಸಂಜೆಯ ಲೋಕಲ್ಲಿಗೆ ಮನೆಗೆ ಮರಳುವ ಎಂಟು ಮಂದಿ ಪಾಸಿನವರಿಗೆ ಅವನೇ ಮುಂದಾಳು. ಗಾಡಿ ಪ್ಲಾಟ್‌ಫಾರ್ಮಿಗೆ ಬರುವ ಮೊದಲು ಯಾರ್ಡಿನಲ್ಲಿ ಅದನ್ನು ಗುಡಿಸುವವಳು ಸೋನಾಬಾಯಿ, ಗುತ್ತಿಗೆದಾರನ ಕೂಲಿ. ಹೀಗಾಗಿ ಟಾವೆಲ್ ಹಾಸಿ ಸೀಟು ಹಿಡಿಯುವ ಬಿಟ್ಟಿ ಚಾಕರಿಯೂ ಅವಳ ಕೊರಳಿಗೇ ಬಿದ್ದಿತ್ತು. ಈ ಗಾಡಿಯಲ್ಲಿ ಟಿಕೆಟ್ಟಿಗಿಂತ ಟಾವೆಲ್ಲಿಗೆ ಮಾನ ಜಾಸ್ತಿ. ಟಾವೆಲ್ ಬಿದ್ದ ಸೀಟಿನಲ್ಲಿ ಮಂತ್ರಿ ಬಂದರೂ ಕೂರುವಂತಿಲ್ಲ; “ಅಲ್ಲಿ ಮಂದಿ ಬರೋರದಾರ,” ಅಂದರೆ ಮುಗಿಯಿತು. ಎಂಟು ಮಂದಿಗೆ ಟಾವೆಲ್ ಮಾತ್ರ ಒಂಬತ್ತು. ಒಂಬತ್ತನೆಯದು ಟಿಫಿನ್ ಡಬ್ಬಿಗಳದು. ಉಂಡು ಖಾಲಿ ಮಾಡಿದ ಎಂಟು ಡಬ್ಬಿಗಳು ಕಿಟಕಿ ಪಕ್ಕ ಗಾಳಿ ತೆಗೆದುಕೊಳ್ಳುತ್ತ ಊರಿಗೆ ಹೋಗುತ್ತಿದ್ದವು.

ಸೋನಾಬಾಯಿಯೂ ಅದೇ ಗಾಡಿಗೆ ಅಕ್ಕಲಕೋಟ ರೋಡಿನವರೆಗೆ ಹೋಗಬೇಕು, ಪಾಯಖಾನೆ ಬಾಗಿಲಿಗೆ ಒರಗಿ ನಿಂತು. ತನ್ನದೇನೋ ನಡೆಯುತ್ತಿತ್ತು. ಜೊತೆಗೆ ಗುಡಿಸಲು ಬರುವ ಸೊಸೆ ರೂಪಾಲಿಗೆ ಈಗ ಎಂಟು ತಿಂಗಳು. ಅವಳಿಗೊಂದು ಸೀಟು ಬೇಕಿತ್ತು.

“ಮಾಲಕರ,” ಎಂದಳು ಸೋನಾಬಾಯಿ, “ಡಬ್ಬಿ ತೊಡಿ ಮ್ಯಾಲ ಇಟ್ಕೋರಿ. ಸೊಸಿಗಿ ನಿಂದ್ರಾಕ ಆಗಂಗಿಲ್ಲ. ಆ ಸೀಟ ಆಕಿಗಿ ಕೊಡ್ರಿ.”

“ಅಲಾ ಇವ್ನ! ನಾಳಿ ನನ್ನ ತೊಡಿ ಮ್ಯಾಲೇ ಕುಂದ್ರತೀನಿ ಅಂತೀ. ಆಕಿ ಕುಂತ ಜಾಗಾದಾಗ ಊಟದ ಡಬ್ಬಿ ಇಡಾಕ ಬರ್ತದೇನ?”

ಇಸ್ಪೀಟು ಕಲಸುತ್ತಿದ್ದ ಯೋಗಿರಾಜ ಮಾಸ್ತರು ತಲೆಯೆತ್ತಿದರು. “ಪಾಸ್ ಅದ ಏನು ಆಕಿಗಿ?”

“ಅದರಿ.”

“ಟಾವೆಲ್ ಅದ ಏನು?”

ಎಂಟೂ ಮಂದಿ ಹೊಟ್ಟೆ ಹಿಡಿದು ನಕ್ಕರು. ರೂಪಾಲಿ ಬಾಗಿಲ ಬಳಿ ಒದ್ದೆ ನೆಲದಲ್ಲೇ ಕೂತಳು. ಹೋಟಗಿಯಲ್ಲಿ ಇಳಿಯುವವರು ಅವಳ ಹೊಟ್ಟೆಯ ಮೇಲಿಂದ ಕಾಲು ದಾಟಿಸಿ ಇಳಿದರು. ಸೋನಾಬಾಯಿಗೆ ಮೈಯೆಲ್ಲ ಉರಿಯಿತು.

ಮರುದಿನ ಮಧ್ಯಾಹ್ನ ಯಾರ್ಡಿನಲ್ಲಿ ನೆಲ ಒರೆಸಲು ಬಟ್ಟೆ ಇರಲಿಲ್ಲ. ಸುಪರ್‌ವೈಸರ್ ಬಟ್ಟೆ ಕೊಡದೆ ಎರಡು ತಿಂಗಳಾಗಿತ್ತು. ಕೇಳಿದರೆ, “ಇದ್ದುದರಾಗ ಮುಗಸು, ಬಾಯಿ ಮಾಡಬ್ಯಾಡ,” ಎನ್ನುತ್ತಿದ್ದ. ಅವತ್ತು ಇದ್ದದ್ದು, ಸೀಟಿಗೆ ಹಾಸಲು ಕೊಟ್ಟಿದ್ದ ಟಾವೆಲ್ಲು.

“ಅತ್ತಿ, ಹೊಡೀತಾರ ನೋಡು,” ಎಂದಳು ರೂಪಾಲಿ.

“ಹೊಡ್ಯಾಕ ಮುಟ್ಟಬೇಕಲ್ಲ ಭಾಡಕಾವ್‌ಗೋಳು? ಮುಟ್ಟಿದ್ರ ಜಳಕಾ ಮಾಡಬೇಕಾಗ್ತದ. ಈ ಥಂಡ್ಯಾಗ ಯಾವ ಮಗಾ ಮಾಡ್ತಾನ?”

ಸಾತಲಿಂಗಪ್ಪನ ಮಾಲು ಚಲೋ ಇತ್ತು, ಸುಳ್ಳು ಹೇಳಬಾರದು. ಬೋಗಿಯ ನೆಲ, ಎಲೆ ಅಡಿಕೆ ಉಗುಳಿದ ಮೂಲೆ, ಕೊನೆಗೆ ಪಾಯಖಾನೆ, ಎಲ್ಲದರ ನೀರನ್ನೂ ಗಟಗಟ ಕುಡಿಯಿತು. ಸೋನಾಬಾಯಿ ಹಿಂಡದೆಯೇ ಏಳು ಟಾವೆಲ್ಲುಗಳನ್ನು ಏಳು ಸೀಟಿಗೆ ನೀಟಾಗಿ ಹಾಸಿದಳು. ಉಳಿದೆರಡನ್ನು ಬಕೇಟಿಗೆ ಹಾಕಿದಳು. ಡಬ್ಬಿಗಳ ಸೀಟಿನಲ್ಲಿ ರೂಪಾಲಿಯನ್ನು ಕೂರಿಸಿ, ಪಕ್ಕದ ಸಾತಲಿಂಗಪ್ಪನ ಸೀಟಿನಲ್ಲಿ ತಾನು ಕೂತಳು. ಕಣ್ಣು ಬಾಗಿಲ ಮೇಲೇ ಇತ್ತು. ಆದರೂ ಸೀಟು ಮೆತ್ತಗಿತ್ತು.

ಪ್ಲಾಟ್‌ಫಾರ್ಮಿನಲ್ಲಿ ಗರ್ದಿ ನುಗ್ಗಿತು. ಟಾವೆಲ್ ಕಂಡವರೆಲ್ಲ ರೂಢಿಯಂತೆ ಮುಂದೆ ಸರಿದರು. ಕೊನೆಗೆ ಗತ್ತಿನಿಂದ ಎಂಟು ಮಂದಿ ಬಂದರು. ಸಾತಲಿಂಗಪ್ಪ ಎದುರಿನ ಟಾವೆಲ್ ಮಗುಚಲು ಕೈ ಚಾಚಿ ಹಾಗೇ ನಿಂತ. ಎರಡೂ ಮಗ್ಗುಲು ಒಂದೇ ಬಣ್ಣ, ಒಂದೇ ವಾಸನೆ.

“ಏನ ಒರಸೀದಿ ಇದ್ರಲೆ?”

“ಎಲ್ಲಾ ಒರಸೀನ್ರಿ.”

“ತಗಿ ಅವ್ನ. ಏಳ ಮ್ಯಾಲ, ಹಾಟ್ಯಾನಕ್ಕಿ!”

“ನನ್ನ ಕೆಲಸ ಮುಗದದರಿ. ಟಾವೆಲ್ ನಿಮ್ಮವು, ನೀವೇ ತಗೀರಿ.”

ಗಾಡಿ ಹೊರಟಿತು. ಸಾತಲಿಂಗಪ್ಪ ಮಾಸ್ತರರಿಗೆ ಎತ್ತು ಎಂದ. ಮಾಸ್ತರರು, ಮಾಲು ನಿನ್ನದು, ನೀನೇ ಎತ್ತು ಎಂದರು. ಉಳಿದವರು ತಮ್ಮ ಡಬ್ಬಿಗಳನ್ನು ಎದೆಗವಚಿಕೊಂಡು ಹಿಂದೆ ಸರಿದರು. ಟಿಕೇಕರವಾಡಿ ದಾಟುವ ಹೊತ್ತಿಗೆ ಬೋಗಿಯೇ ನಗುತ್ತಿತ್ತು. ರೂಪಾಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ತಿಲಾಟಿ ದಾಟಿದ ಮೇಲೆ ಸಾತಲಿಂಗಪ್ಪ ಸೋನಾಬಾಯಿಯ ಹತ್ತಿರ ಸರಿದ. ಅವನು ಬಗ್ಗಿ, ಯಾರಿಗೂ ಕೇಳಿಸದಂತೆ ಬಾಯಿ ಬಿಟ್ಟ.

“ಸೋನಾಬಾಯಾರ, ಅದೊಂದು ಟಾವೆಲ್ ತಗದು ಕೊಡ್ರಿ. ಕಾಲ ಭಾಳ ನೋಯಾಕತ್ತಾವ.”

ಇಷ್ಟು ವರ್ಷದಲ್ಲಿ ಅವನು ಅವಳನ್ನು ಹೀಗೆ ಕರೆದದ್ದು ಅದೇ ಮೊದಲು. ಸೋನಾಬಾಯಿ ನೀರು ತೊಟ್ಟಿಕ್ಕುತ್ತಿದ್ದ ಏಳು ಸೀಟುಗಳನ್ನು ಒಂದೊಂದಾಗಿ ನೋಡಿದಳು.

“ಬರಂಗಿಲ್ರಿ. ಅಲ್ಲಿ ಮಂದಿ ಬರೋರದಾರ.”

“ನಡು ಹೊಲದಾಗ, ಓಡೋ ಗಾಡ್ಯಾಗ, ಯಾವ ಮಂದಿ ಬರ್ತದ?”

“ನಮ್ಮ ಮಂದಿ,” ಎಂದು ಸೋನಾಬಾಯಿ ಎದುರಿನ ಸೀಟಿಗೆ ಕಾಲು ಚಾಚಿದಳು.