ಪ್ರತಿ ಪುಟದಲ್ಲೂ ಒಂದು ಗೆರೆ

೨೦೨೪ರ ನವೆಂಬರ್ ಹತ್ತೊಂಬತ್ತು, ಮಂಗಳವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷ. ಬೋರ್ಡು ಬರೆಯುವ ಪೇಂಟರ್ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಆರಡಿ ಉದ್ದದ ಹಲಗೆಯನ್ನು ಎರಡು ಸ್ಟೂಲುಗಳ ಮೇಲೆ ಮಲಗಿಸಿ, ‘ಮಾದರಿ ಶಾಲೆ’ ಎಂಬ ಅಕ್ಷರಗಳಿಗೆ ನೀಲಿ ಬಣ್ಣ ತುಂಬುತ್ತಿದ್ದ. ಅದೇ ಕೋಣೆಯ ಕಿಟಕಿ ಪಕ್ಕ ಅವನ ಹೆಂಡತಿಯ ಇಸ್ತ್ರಿ ಮೇಜು. ಮೇಜಿನ ಕೆಳಗೆ, ಒಗೆದ ಬಟ್ಟೆಯ ಗಂಟುಗಳ ನಡುವೆ, ಮೂರನೇ ತರಗತಿಯ ಮಗಳು ಗುಬ್ಬಿ ಕೂತು ಹೋಂವರ್ಕ್ ಮಾಡುತ್ತಿದ್ದಳು.

ಪೇಂಟರ್ ಆ ಬೀದಿಯ ಸರ್ಕಾರಿ ಪ್ರಾಥಮಿಕ ಶಾಲೆಯ ಪೋಷಕರ ಸಮಿತಿಗೆ ಅಧ್ಯಕ್ಷ. ಶುಕ್ರವಾರ ಸಭೆ. ಶಾಲೆಯ ಗುಣಮಟ್ಟದ ಫಾರಂ ಬಂದಿತ್ತು. ಅದರಲ್ಲಿ ಎಂಟು ಪ್ರಶ್ನೆ. ಗೋಡೆಗೆ ಬಣ್ಣ ಇದೆಯೇ, ಶೌಚಾಲಯಕ್ಕೆ ಬಾಗಿಲಿದೆಯೇ, ನೋಟ್‌ಬುಕ್ ಅಚ್ಚುಕಟ್ಟಾಗಿದೆಯೇ, ಮಕ್ಕಳಲ್ಲಿ ಶಿಸ್ತಿದೆಯೇ, ಹೀಗೆ. ಎಂಟಕ್ಕೂ ಅವನು ಪೆನ್ಸಿಲಿನಲ್ಲಿ ಟಿಕ್ ಹಾಕಿ ಇಟ್ಟುಕೊಂಡಿದ್ದ. ಸಹಿಯೊಂದೇ ಬಾಕಿ. ಸಹಿ ಬಿದ್ದರೆ ಅದು ಮಾದರಿ ಶಾಲೆ. ಮುಂದಿನ ಮೂರು ವರ್ಷ ಯಾರೂ ತಪಾಸಣೆಗೆ ಬರುವುದಿಲ್ಲ.

ಅಷ್ಟರಲ್ಲಿ ಇಸ್ತ್ರಿ ಬಟ್ಟೆಗೆಂದು ನೀರಿನಕ್ಕ ಬಂದಳು. ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಅವಳ ಕೆಲಸ. ಬಾಟಲಿ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಬೀದಿ ಬೀದಿ ತಿರುಗಿ ನಲ್ಲಿ ನೀರು ಹಿಡಿದು ಪರೀಕ್ಷೆ ಮಾಡುವವಳು. ಅದಕ್ಕೇ ಆ ಹೆಸರು.

“ಏನಪ್ಪ ಅಧ್ಯಕ್ಷರೇ, ಫಲಿತಾಂಶಕ್ಕೆ ಮೊದಲೇ ಬೋರ್ಡು ರೆಡಿ?” ಎಂದಳು.

“ಫಲಿತಾಂಶ ಕಣ್ಣೆದುರಿಗೇ ಇದೆಯಲ್ಲಕ್ಕ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಗುಬ್ಬೀ, ನಿನ್ನ ನೋಟ್‌ಬುಕ್ ತೋರಿಸು ಅತ್ತೆಗೆ.”

“ಶುರುವಾಯ್ತು” ಎಂದಳು ಹೆಂಡತಿ, ಕಾಲರ್ ಮೇಲೆ ಇಸ್ತ್ರಿ ಒತ್ತುತ್ತ. “ಪೋಸ್ಟ್‌ಮ್ಯಾನ್ ಬಂದ್ರೂ ತೋರಿಸ್ತಾರೆ, ಗ್ಯಾಸ್ ತರೋನು ಬಂದ್ರೂ ತೋರಿಸ್ತಾರೆ.”

ತೋರಿಸುವಂಥದ್ದೇ ಆಗಿತ್ತು. ಅಕ್ಷರಗಳು ಮುತ್ತು ಪೋಣಿಸಿದ ಹಾಗೆ. ಸಾಲು ಎಲ್ಲೂ ಸೊಟ್ಟ ಇಲ್ಲ, ಒಂದು ಚಿತ್ತು ಇಲ್ಲ. ಇಪ್ಪತ್ತು ವರ್ಷ ಅಕ್ಷರವನ್ನೇ ನಂಬಿ ಬದುಕಿದ ಪೇಂಟರ್‌ಗೆ ಮಗಳ ಪುಟ ನೋಡಿದಾಗಲೆಲ್ಲ ಎದೆ ಉಬ್ಬುತ್ತಿತ್ತು.

ನೀರಿನಕ್ಕ ಒಂದು ಪುಟ ನೋಡಿದಳು. ಇನ್ನೊಂದು ತಿರುಗಿಸಿದಳು. ಮತ್ತೊಂದು. ಆಮೇಲೆ ಕನ್ನಡಕ ಸರಿಮಾಡಿಕೊಂಡಳು.

“ಇದೇನು ಗೆರೆ?”

ಪುಟದ ಬಲಭಾಗದಲ್ಲಿ, ಮೂರನೇ ಸಾಲಿನಿಂದ ಐದನೇ ಸಾಲಿಗೆ, ಓರೆಯಾಗಿ ಒಂದು ಗೆರೆ. ಕೊನೆಯಲ್ಲಿ ಎರಡಾಗಿ ಸೀಳಿತ್ತು. ಹಿಂದಿನ ಪುಟದಲ್ಲೂ ಅದೇ ಜಾಗದಲ್ಲಿ ಅದೇ ಗೆರೆ. ಅದರ ಹಿಂದಿನದರಲ್ಲೂ.

“ಅಲಂಕಾರ ಇರಬೇಕು” ಎಂದ ಪೇಂಟರ್. ಅವನೂ ನೋಡಿದ್ದ, ಯಾವತ್ತೂ ಕೇಳಿರಲಿಲ್ಲ.

“ಅಲಂಕಾರ ಅಲ್ಲಪ್ಪ” ಎಂದಳು ಗುಬ್ಬಿ. “ಬೋರ್ಡ್ ಮೇಲೆ ಹಾಗೇ ಇದೆ. ಟೀಚರ್ ಬೋರ್ಡ್ ಮೇಲಿರೋದನ್ನೆಲ್ಲ ಬಿಡದೆ ಬರೀರಿ ಅಂತಾರೆ. ಬಿಟ್ರೆ ತಪ್ಪು.”

ನೀರಿನಕ್ಕ ಬಟ್ಟೆಯ ಗಂಟಿನ ಮೇಲೆ ಕೂತು, ಪಾಠದ ಪುಸ್ತಕ ತೆಗೆದು, “ಇಲ್ಲಿಂದ ಓದು ಪುಟ್ಟಾ” ಎಂದಳು. ಗುಬ್ಬಿ ಬೆರಳಿಟ್ಟು ಶುರು ಮಾಡಿದಳು. ಆನೆಯ ಕಥೆ. ನೀರು ಕುಡಿದ ಹಾಗೆ ಓದುತ್ತ ಹೋದಳು. ಪೇಂಟರ್ ಹೆಂಡತಿಯ ಕಡೆ ಹುಬ್ಬು ಹಾರಿಸಿದ.

ಆಗ ನೀರಿನಕ್ಕ ಮೆಲ್ಲಗೆ ಪುಟ ಮಗುಚಿದಳು. ಈಗ ಎದುರಿಗಿದ್ದದ್ದು ಅಂಚೆ ಕಚೇರಿಯ ಪಾಠ. ಗುಬ್ಬಿಯ ಬೆರಳು ಅಂಚೆ ಕಚೇರಿಯ ಮೇಲೆ ಸಾಗಿತು. ಬಾಯಿ ಮಾತ್ರ ಆನೆಯನ್ನು ಕೆರೆಗೆ ಇಳಿಸಿ, ಸೊಂಡಿಲಲ್ಲಿ ನೀರು ಎರಚಿ, ದಡ ಹತ್ತಿಸಿತು.

ಇಸ್ತ್ರಿ ನಿಂತಿತು.

ನೀರಿನಕ್ಕ ಬಟ್ಟೆಗೆ ಪಿನ್ ಮಾಡುವ ಚೀಟಿಯೊಂದರ ಹಿಂದೆ ದಪ್ಪಕ್ಷರದಲ್ಲಿ ಬರೆದಳು: ‘ನಮ್ಮ ಬೆಕ್ಕು ಹಾಲು ಚೆಲ್ಲಿತು.’ “ಇದನ್ನ ಓದು.”

ಗುಬ್ಬಿ ಚೀಟಿಯನ್ನು ನೋಡಿದಳು. ಅಪ್ಪನ ಮುಖ ನೋಡಿದಳು. ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಒಂದು ಸುತ್ತು ಹಾಕಿತು. ಕೊನೆಗೆ ಅವಳ ಮುಖ ಅರಳಿತು. ಪೆನ್ಸಿಲ್ ಎತ್ತಿಕೊಂಡು ಕೇಳಿದಳು:

“ಅತ್ತೆ, ಇದನ್ನ ಬರೀಲಾ? ಚೆನ್ನಾಗಿ ಬರೀತೀನಿ.”

ಪೇಂಟರ್ ಕೈಯಲ್ಲಿದ್ದ ಬ್ರಶ್ಶಿನಿಂದ ನೀಲಿ ಹನಿಯೊಂದು ಅವನ ಕಾಲಿನ ಮೇಲೆ ಬಿತ್ತು. ಅವನಿಗೆ ಗೊತ್ತಾಗಲಿಲ್ಲ.

“ನಾಚಿಕೆ ಅವಳಿಗೆ” ಎಂದ. “ಸುಸ್ತಾಗಿದೆ. ಹಸಿವು ಬೇರೆ.”

“ಹಸಿವಿಗೂ ಬೆಕ್ಕಿಗೂ ಏನ್ರೀ ಸಂಬಂಧ?” ಹೆಂಡತಿ ಇಸ್ತ್ರಿ ಪಕ್ಕಕ್ಕಿಟ್ಟಳು. “ಮೂರನೇ ಕ್ಲಾಸು! ಮೂರು ವರ್ಷ ಕೂತು ಏನು ಮಾಡಿದ್ಲು ಇವಳು?”

“ಚಿತ್ರ ಬಿಡಿಸಿದ್ಲು” ಎಂದಳು ನೀರಿನಕ್ಕ. “ಅಕ್ಷರದ ಚಿತ್ರ.”

ಆ ಮಾತು ಪೇಂಟರ್‌ನನ್ನು ಚುಚ್ಚಿದ್ದಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವನು ತನಗೆ ಬಾರದ ಭಾಷೆಯಲ್ಲಿ ಗಡಿಯಾರದ ಅಂಗಡಿಯೊಂದಕ್ಕೆ ಬೋರ್ಡು ಬರೆದಿದ್ದ. ಯಜಮಾನ ಕೊಟ್ಟ ಚೀಟಿ ನೋಡಿ, ಒಂದು ಕೂದಲೆಳೆ ತಪ್ಪದಂತೆ ಇಳಿಸಿದ್ದ. ಬೋರ್ಡು ಮೇಲೇರಿದ ಮೇಲೆ ಯಜಮಾನ ಹೊಟ್ಟೆ ಹಿಡಿದು ನಕ್ಕಿದ್ದ. ಚೀಟಿಯ ಮೇಲೆ ಪೆನ್ನಿನ ಮಸಿ ಬಿದ್ದಿತ್ತು. ಪೇಂಟರ್ ಅದನ್ನೂ ಅಂಗೈಯಗಲ ಬರೆದು, ಅಂಚಿಗೆ ಚಿನ್ನದ ಬಣ್ಣ ಕಟ್ಟಿದ್ದ. ಓದಲು ಬಾರದವನು ಎಷ್ಟು ಅಂದವಾಗಿ ಬರೆಯಬಲ್ಲ ಎಂದು ಊರಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅವನಿಗೇ ಗೊತ್ತಿರಬೇಕಿತ್ತು.

“ಅಕ್ಕ, ಇವಳೊಬ್ಬಳೇ ಹೀಗಿರಬಹುದು ಅಲ್ವಾ?” ಎಂದ, ಕೊನೆಯ ಹುಲ್ಲುಕಡ್ಡಿ ಹಿಡಿಯುವವನ ಹಾಗೆ.

“ಇರಬಹುದು. ಒಂದು ಬಾಟಲಿ ನೀರು ನೋಡಿ ನಾನೂ ತೀರ್ಪು ಕೊಡಲ್ಲ. ಆದ್ರೆ ತಮ್ಮಾ, ಟ್ಯಾಂಕಿಗೆ ಬಣ್ಣ ಚೆನ್ನಾಗಿದೆ ಅಂತ ನೀರು ಚೆನ್ನಾಗಿದೆ ಅಂತಾನೂ ಬರೆಯಲ್ಲ. ಬೀದಿಯ ಕೊನೇ ನಲ್ಲಿ ಇರುತ್ತಲ್ಲ, ಅಲ್ಲಿ ಹಿಡೀತೀನಿ. ಅಲ್ಲಿಗೆ ಒಳ್ಳೇ ನೀರು ಬಂದ್ರೆ ಎಲ್ಲರ ಮನೆಗೂ ಬಂದ ಹಾಗೆ. ನಿನ್ನ ಫಾರಂನಲ್ಲಿ ಟ್ಯಾಂಕಿನ ಬಣ್ಣದ ಪ್ರಶ್ನೆ ಎಂಟಿವೆ. ನಲ್ಲೀದು ಒಂದಾದ್ರೂ ಇದೆಯಾ?”

ಅವನು ಫಾರಂ ತೆಗೆದು ನೋಡಿದ. ಮೊದಲಿಂದ ಕೊನೆವರೆಗೆ, ಮತ್ತೆ ಕೊನೆಯಿಂದ ಮೊದಲವರೆಗೆ. ‘ಮಕ್ಕಳಿಗೆ ಓದಲು ಬರುತ್ತದೆಯೇ’ ಎಂದು ಎಲ್ಲೂ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಒಂಬತ್ತೂ ಹತ್ತಕ್ಕೆ ಅವನು ಶಾಲೆಯಲ್ಲಿದ್ದ. ಅಧ್ಯಕ್ಷ ತಾನೇ, ಹೆಡ್‌ಮಿಸ್ ನಗುತ್ತಲೇ ಒಳಗೆ ಬಿಟ್ಟರು. ಮೂರನೇ ತರಗತಿಯ ಕರಿಹಲಗೆಯ ಬಲಭಾಗದಲ್ಲಿ ಒಂದು ಬಿರುಕು. ಜೇಬಿನ ಅಳತೆ ಪಟ್ಟಿ ತೆಗೆದು ಅಳೆದ: ಮೂವತ್ತೊಂದು ಸೆಂಟಿಮೀಟರ್, ಕೊನೆಯಲ್ಲಿ ಎರಡು ಸೀಳು. ಮಗಳ ನೋಟ್‌ಬುಕ್ಕಿನಿಂದ ಎದ್ದು ಬಂದು ಗೋಡೆಗೆ ಅಂಟಿದ ಹಾಗಿತ್ತು.

ಕೊನೆಯ ಬೆಂಚಿನಲ್ಲಿ, ಮೊಣಕಾಲು ಗಲ್ಲಕ್ಕೆ ತಾಗಿಸಿಕೊಂಡು, ನಲವತ್ತು ನಿಮಿಷ ಕೂತ. ಅದರಲ್ಲಿ ಮೂವತ್ತನಾಲ್ಕು ನಿಮಿಷ ಮಕ್ಕಳು ಬೋರ್ಡು ನೋಡಿ ಬರೆದರು. ಟೀಚರ್ ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ಇಡೀ ತರಗತಿ ಒಂದೇ ರಾಗದಲ್ಲಿ “ಹೌದು ಟೀಚರ್” ಎಂದಿತು. ಒಬ್ಬರ ಹೆಸರನ್ನೂ ಹಿಡಿದು ಕೇಳಲಿಲ್ಲ. ಒಂದು ಮಗುವೂ ತಿರುಗಿ ಪ್ರಶ್ನೆ ಹಾಕಲಿಲ್ಲ. ನೊಣ ಹಾರಿದರೂ ಕೇಳಿಸುವಷ್ಟು ನಿಶ್ಶಬ್ದ. ನಿನ್ನೆಯವರೆಗೆ ಇದನ್ನೇ ಅವನು ಶಿಸ್ತು ಎನ್ನುತ್ತಿದ್ದ.

ಬಿಡುವಿನಲ್ಲಿ ಟೀಚರ್ ಅನುಮತಿ ಕೇಳಿ ನೋಟ್‌ಬುಕ್ಕುಗಳನ್ನು ತೆರೆದ. ಇಪ್ಪತ್ತೇಳು ಮಕ್ಕಳು. ಇಪ್ಪತ್ತಾರು ನೋಟ್‌ಬುಕ್ಕುಗಳಲ್ಲಿ ಆ ಗೆರೆ ಇತ್ತು. ಇಪ್ಪತ್ತೇಳನೆಯದು ಕೋಳಿ ಕೆದರಿದ ಹಾಗಿತ್ತು. ಮೇಲೆ ಕೆಂಪು ಶಾಯಿಯಲ್ಲಿ ‘ಅಂದವಾಗಿ ಬರೆ’ ಎಂದು ನಾಲ್ಕು ಕಡೆ ಬರೆದಿತ್ತು. ಗೆರೆ ಮಾತ್ರ ಇರಲಿಲ್ಲ. ನೋಟ್‌ಬುಕ್ಕಿನ ಒಡತಿ, ಗಲ್ಲದ ಮೇಲೆ ಗಾಯದ ಪಟ್ಟಿ ಅಂಟಿಸಿಕೊಂಡಿದ್ದ ಹುಡುಗಿ, ಅಳುಮುಖ ಮಾಡಿಕೊಂಡು ಬಂದು ನಿಂತಳು.

“ನೀನು ಯಾಕಮ್ಮ ಗೆರೆ ಬರೆದಿಲ್ಲ?”

ಹುಡುಗಿ ಅವನನ್ನು ವಿಚಿತ್ರವಾಗಿ ನೋಡಿದಳು. “ಅದು ಬಿರುಕು ಅಲ್ವಾ, ಅಂಕಲ್?”

ಅವಳಿಗೆ ಓದಲು ಬರುತ್ತಿತ್ತು. ಮನೆಯಲ್ಲಿ ಅಜ್ಜಿ ಸಾಮಾನು ಕಟ್ಟಿ ತಂದ ಕಾಗದವನ್ನೆಲ್ಲ ಬಿಚ್ಚಿ ಓದಿಸುತ್ತಿದ್ದಳಂತೆ. ಏನು ಬರೆದಿದೆ ಎಂದು ಗೊತ್ತಿದ್ದವಳಿಗೆ, ಯಾವುದು ಬರಹವಲ್ಲ ಎಂಬುದೂ ಗೊತ್ತಿತ್ತು.

ಶುಕ್ರವಾರದ ಸಭೆಗೆ ಪೇಂಟರ್ ನೀರಿನಕ್ಕನನ್ನೂ ಕರೆದುಕೊಂಡು ಹೋದ. ಫಾರಂ ಮೇಜಿನ ಮೇಲಿಟ್ಟ. ಪೆನ್ನು ಮುಟ್ಟಲಿಲ್ಲ.

“ಮಿಸ್, ಸಹಿಗೆ ಮುಂಚೆ ಒಂದು ಕೆಲಸ. ಮಕ್ಕಳು ಕಾಣದ ಒಂದು ಪುಟ, ಮಗುವಿಗೆ ಒಂದೇ ನಿಮಿಷ. ಸರಿಯಾಗಿ ಓದಿದ ಪದ ಮಾತ್ರ ಎಣಿಸೋಣ.”

“ನಮ್ಮ ಶಾಲೆ ಮೇಲೆ ಅನುಮಾನವಾ?” ಹೆಡ್‌ಮಿಸ್ ಮುಖ ಕೆಂಪಾಯಿತು. “ನಾಲ್ಕು ವರ್ಷದಿಂದ ನೋಟ್‌ಬುಕ್ಕಿಗೆ ಮೆಚ್ಚುಗೆ ಪತ್ರ ಬರ್ತಿದೆ!”

“ನಾನೇ ಅದಕ್ಕೆ ಫ್ರೇಮ್ ಹಾಕಿಸಿ ಕೊಟ್ಟಿದ್ದು, ಮಿಸ್” ಎಂದ ಪೇಂಟರ್. “ಅದಕ್ಕೇ ಕೇಳ್ತಿದ್ದೀನಿ.”

ನೀರಿನಕ್ಕ ಗಡಿಯಾರ ಹಿಡಿದಳು. ಮೂರನೇ ತರಗತಿಯ ಒಂದೊಂದೇ ಮಗು ಬೇರೆ ಕೋಣೆಗೆ ಬಂದು ಓದಿತು. ಉಳಿದವರಿಗೆ ಕೇಳಿಸದಂತೆ, ಯಾರಿಗೂ ಗದರದಂತೆ. ಹೆಡ್‌ಮಿಸ್ ತಾವೇ ಬರೆದುಕೊಂಡರು. ಮೂವತ್ತು ಪದ ದಾಟಿದವರು ಐವರು; ಓದಲು ಬಂದರೂ ಬಿಟ್ಟರೆ ತಪ್ಪಾದೀತೆಂದು ಗೆರೆ ಬರೆದವರೂ ಅವರಲ್ಲಿದ್ದರು. ಹತ್ತರಿಂದ ಮೂವತ್ತರ ಒಳಗೆ ನಾಲ್ವರು. ಹತ್ತನ್ನೂ ಮುಟ್ಟದವರು ಹದಿನೆಂಟು ಮಂದಿ. ಅವರಲ್ಲಿ ಏಳು ಮಕ್ಕಳ ಮುಂದೆ ಸೊನ್ನೆ. ಗುಬ್ಬಿಯ ಹೆಸರಿನ ಮುಂದೆ: ಆರು, ಅವೂ ಕಂಡು ಪರಿಚಯವಿದ್ದ ಪದಗಳು.

ಹೆಡ್‌ಮಿಸ್ ಆ ಹಾಳೆಯನ್ನು ಮೇಲಿಂದ ಕೆಳಗೆ ಮತ್ತೊಮ್ಮೆ ಎಣಿಸಿದರು. ಮೂರನೇ ತರಗತಿಯ ಟೀಚರ್ ಸೆರಗಿನಿಂದ ಕಣ್ಣೊತ್ತಿಕೊಂಡರು.

“ಮೂರು, ನಾಲ್ಕು, ಎರಡೂ ಕ್ಲಾಸು ನಂದೇ. ಅಲ್ಲಿ ಪಾಠ ಮಾಡೋವಾಗ ಇವರು ಗಲಾಟೆ ಮಾಡಬಾರದಲ್ಲ, ಬರೆಯೋಕೆ ಹಾಕಿ ಹೋಗ್ತೀನಿ. ತಪಾಸಣೆಗೆ ಬಂದೋರು ನೋಟ್‌ಬುಕ್ ನೋಡಿ ಶಭಾಷ್ ಅಂತಿದ್ರು. ನಾನೂ ನಂಬಿಬಿಟ್ಟೆ.”

“ನಾನೂ ನಂಬಿದ್ದೆ, ಟೀಚರ್” ಎಂದ ಪೇಂಟರ್. “ಗುಬ್ಬೀನ ಬೇರೆ ಶಾಲೆಗೆ ಹಾಕೋಣ ಅಂತ ನಿನ್ನೆ ಮನೇಲಿ ಜಗಳ ಆಯ್ತು. ಆದ್ರೆ ಉಳಿದ ಹದಿನೇಳು ಮಕ್ಕಳನ್ನ ಯಾವ ಶಾಲೆಗೆ ಹಾಕೋದು?”

ಫಾರಂನ ಮುಂಬದಿಗೆ ಸಹಿ ಬೀಳಲಿಲ್ಲ. ಅದರ ಹಿಂಬದಿಯಲ್ಲಿ ಇಪ್ಪತ್ತೇಳು ಅಂಕಿಗಳನ್ನು ಬರೆದು, ಇನ್ನೊಬ್ಬ ಶಿಕ್ಷಕರು ಬೇಕೇ ಬೇಕೆಂದು ಕೇಳಿ, ಎಲ್ಲರೂ ಸಹಿ ಹಾಕಿ ಇಲಾಖೆಗೆ ಕಳಿಸಿದರು. ದಿನಾ ಬೆಳಗಿನ ಮೊದಲ ಒಂದು ಗಂಟೆ ಓದಿಗೇ ಮೀಸಲಾಯಿತು. ತರಗತಿ ನೋಡಿ ಅಲ್ಲ, ಯಾರಿಗೆ ಎಷ್ಟು ಓದಲು ಬರುತ್ತದೆ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಿದರು. ಗಾಯದ ಪಟ್ಟಿಯ ಹುಡುಗಿಯ ಅಜ್ಜಿ ಕಾಗದದ ಚೀಲ ಹೊತ್ತು ಬಂದು ಒಂದು ಗುಂಪಿಗೆ ಕೂತಳು. ಪ್ರತಿ ಮಗು ದಿನಕ್ಕೊಂದು ಸ್ವಂತ ವಾಕ್ಯ ಬರೆಯಬೇಕು, ಚಿತ್ತಾದರೆ ಆಗಲಿ. ಗುಬ್ಬಿಯ ಮೊದಲ ಸ್ವಂತ ವಾಕ್ಯ ಸೊಟ್ಟಸೊಟ್ಟಗಿತ್ತು, ಎರಡು ತಪ್ಪಿತ್ತು: ‘ಅಪನ ಕಾಲು ನಿಲಿ.’ ಪೇಂಟರ್ ಅದನ್ನು ಯಾರಿಗೂ ತೋರಿಸಲಿಲ್ಲ. ಕತ್ತರಿಸಿ ತನ್ನ ಬಣ್ಣದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡ.

ಕರಿಹಲಗೆಯ ಬಿರುಕನ್ನೂ ಅವನೇ ಮುಚ್ಚಿದ. ಅದಕ್ಕೆ ಹಿಡಿದದ್ದು ಹತ್ತು ನಿಮಿಷ. ‘ಮಾದರಿ ಶಾಲೆ’ ಹಲಗೆ ಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದೆ. ಅದರ ಮೇಲೆ ಹೆಂಡತಿ ಒದ್ದೆ ಶರ್ಟು ಹರವುತ್ತಾಳೆ.

ಹೆತ್ತವರೇ, ಇದು ನಿಮ್ಮ ಬೀದಿಯ ಶಾಲೆಯ ಮಾತೂ ಆಗಿರಬಹುದು, ಆಗಿಲ್ಲದೆಯೂ ಇರಬಹುದು. ನೋಡದೆ ಗೊತ್ತಾಗುವುದಿಲ್ಲ. ಗೋಡೆ, ಗೇಟು, ಬಾಗಿಲು ಬೇಕು, ಕೇಳಿ ಪಡೆಯಿರಿ. ಆದರೆ ಅಲ್ಲಿಗೇ ನಿಲ್ಲಬೇಡಿ. ಇವತ್ತು ಸಂಜೆ ನಿಮ್ಮ ಮಗುವಿನ ಮುಂದೆ ಅದು ಹಿಂದೆಂದೂ ಕಾಣದ ಒಂದು ಪುಟ ಇಡಿ. ಒಂದು ನಿಮಿಷ ಎಣಿಸಿ. ಓದಿದ್ದರಲ್ಲಿ ಏನಿತ್ತು ಎಂದು ಕೇಳಿ. ನೋಟ್‌ಬುಕ್ಕಿನಲ್ಲಿ ಮಗುವಿನ ಸ್ವಂತ ವಾಕ್ಯ ಒಂದಾದರೂ ಇದೆಯೇ ಹುಡುಕಿ. ಅಂಕಿ ಕಡಿಮೆ ಬಂದರೆ ಮಗುವನ್ನು ಹೊಡೆಯಬೇಡಿ, ಟೀಚರನ್ನು ಬೈಯಬೇಡಿ. ಅಂಕಿ ಹಿಡಿದುಕೊಂಡು ಪೋಷಕರ ಸಭೆಗೆ ಹೋಗಿ, ಪಕ್ಕದ ಮನೆಯವರನ್ನೂ ಕರೆದುಕೊಂಡು ಹೋಗಿ. ಮುಂದಿನ ಬೆಂಚಿನ ಮಗುವನ್ನಲ್ಲ, ಕೊನೆಯ ಬೆಂಚಿನ ಮಗುವನ್ನು ನೋಡಿ ಶಾಲೆಯನ್ನು ಅಳೆಯಿರಿ. ಅರಿಯದೆ ಸಹಿ ಮಾತ್ರ ಹಾಕಬೇಡಿ.

೨೦೨೫ರ ಮಾರ್ಚ್ ನಾಲ್ಕು, ಮಂಗಳವಾರ ಬೆಳಗ್ಗೆ ಅದೇ ಶಾಲೆಯಲ್ಲಿ ಮತ್ತೆ ಎಣಿಸಿದರು. ಜನವರಿಯಿಂದ ಇನ್ನೊಬ್ಬ ಟೀಚರ್ ವಾರಕ್ಕೆ ಮೂರು ದಿನ ಬರುತ್ತಿದ್ದಾರೆ. ಹತ್ತು ಪದವನ್ನೂ ಮುಟ್ಟದ ಮಕ್ಕಳು ಇನ್ನೂ ಮೂವರಿದ್ದಾರೆ. ಅವರ ಗುಂಪಿನಲ್ಲಿ ಈಗ ನೀರಿನಕ್ಕ ಶನಿವಾರ ಕೂರುತ್ತಾಳೆ. ಗುಬ್ಬಿ ಕಾಣದ ಪುಟ ಓದಿದಳು, ನಡುವೆ ಎರಡು ಸಲ ತಡವರಿಸಿ, ಒಂದು ಸಲ ನಕ್ಕು. ಒಂದು ನಿಮಿಷಕ್ಕೆ ಮೂವತ್ತನಾಲ್ಕು ಪದ.