ಗುಡ್ಡಕ್ಕೊಂದು, ಪೇಟೆಗೊಂದು

ಆ ಬೆಳಿಗ್ಗೆ ಸುಮಿತ್ರಾಳ ಮೇಜಿಗೆ ಬಂದ ಎರಡನೆಯ ಪ್ರೂಫ್‌ನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೂ ಅವಳು ಅದನ್ನು ಮೂರು ಸಲ ಓದಿದಳು.

ವಿಜಯವಾಡದ ಒನ್ ಟೌನ್ ಎಂಬ ಹಳೆಯ ಪೇಟೆಯಲ್ಲಿ, ಸಗಟು ಅಂಗಡಿಗಳ ಹಿಂದಿನ ಓಣಿಯಲ್ಲಿದ್ದ ದುರ್ಗಾಪ್ರಸಾದರ ಮುದ್ರಣಾಲಯದಲ್ಲಿ ಅವಳು ಒಂಬತ್ತು ವರ್ಷದಿಂದ ಪ್ರೂಫ್ ತಿದ್ದುತ್ತಿದ್ದಳು. ಹುಟ್ಟಿದ್ದು ತುಮಕೂರಿನಲ್ಲಿ. ಅಪ್ಪನನ್ನು ಬ್ಯಾಂಕಿನವರು ಈ ಊರಿಗೆ ವರ್ಗ ಮಾಡಿದಾಗ ಅವಳಿಗೆ ಹದಿನಾರು. ತೆಲುಗಿನ ಅಕ್ಷರ ಕಲಿಯಲು ತಿಂಗಳು ಸಾಕಾಯಿತು. ಹೊರಗಿನವಳಾಗಿ ಕಲಿತದ್ದರಿಂದಲೋ ಏನೋ, ಊರವರ ಕಣ್ಣು ತಪ್ಪಿಸಿಕೊಂಡು ಹೋಗುವ ತಪ್ಪುಗಳು ಅವಳ ಕಣ್ಣಿಗೆ ಸಿಕ್ಕಿಬೀಳುತ್ತಿದ್ದವು. ಅಪ್ಪ ಮತ್ತೆ ವರ್ಗವಾಗಿ ಹೋದರು. ಅವಳು ಬಸ್ ಡಿಪೋದ ಮೆಕ್ಯಾನಿಕ್ ರಾಮಮೋಹನನನ್ನು ಮದುವೆಯಾಗಿ ಇಲ್ಲೇ ನಿಂತಳು.

ಅವರ ಮನೆ ಪೇಟೆಯ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಇತ್ತು. ನೂರಹನ್ನೆರಡು ಮೆಟ್ಟಿಲು ಹತ್ತಬೇಕು. ಅಂಗಳದಲ್ಲಿ ನಿಂತರೆ ಇಂದ್ರಕೀಲಾದ್ರಿ ಬೆಟ್ಟದ ಗುಡಿಯ ಗೋಪುರವೂ ಕೃಷ್ಣೆಯ ಒಂದು ತುಂಡೂ ಕಾಣುತ್ತಿತ್ತು. ನೆಲ ಸರ್ಕಾರದ್ದು. ಅಲ್ಲಿದ್ದ ಇನ್ನೂರು ಮನೆಗಳಲ್ಲಿ ಒಂದಕ್ಕೂ ಪಟ್ಟಾ ಇರಲಿಲ್ಲ.

ತೊಂಬತ್ತನಾಲ್ಕರ ನವೆಂಬರ್ ಅದು, ವಿಧಾನಸಭೆಯ ಚುನಾವಣೆ ಹತ್ತಿರವಾಗಿತ್ತು. ಅಂದು ಅವಳು ತಿದ್ದಿದ ಎರಡೂ ಕರಪತ್ರ ಒಬ್ಬ ಅಭ್ಯರ್ಥಿಯವೇ, ವಕೀಲ ಸೂರ್ಯಪ್ರಕಾಶರವು. ಮೊದಲನೆಯದು ಗುಡ್ಡದ ಜನಕ್ಕೆ: ಒಂದು ಮನೆಯ ಒಂದು ಕಲ್ಲನ್ನೂ ಯಾರೂ ಮುಟ್ಟದಂತೆ ಕಾಯುತ್ತೇನೆ, ಗೆದ್ದ ಆರು ತಿಂಗಳಲ್ಲಿ ಎಲ್ಲರಿಗೂ ಪಟ್ಟಾ. ಎರಡನೆಯದು ಪೇಟೆಯ ವರ್ತಕರಿಗೆ: ಗುಡ್ಡದ ಇಳಿಜಾರಿನ ಅಪಾಯದ ಮನೆಗಳನ್ನೆಲ್ಲ ಊರಾಚೆಗೆ ಸಾಗಿಸಿ, ಬುಡದಲ್ಲಿ ಲಾರಿ ನಿಲ್ದಾಣ ಮಾಡಿಸುತ್ತೇನೆ. ಎರಡರಲ್ಲೂ ಕೈಮುಗಿದ ಫೋಟೋ ಒಂದೇ.

ಅವಳು ಪ್ರೂಫ್ ಹಿಡಿದುಕೊಂಡು ದುರ್ಗಾಪ್ರಸಾದರ ಹತ್ತಿರ ಹೋದಳು. ಅವರು ಕನ್ನಡಕ ತೆಗೆದು ಒರೆಸುತ್ತ ಕೂತರು. ಒಳ್ಳೆಯ ಮನುಷ್ಯ, ಸುಮಿತ್ರಾಳಿಗೆ ಮಗಳು ಹುಟ್ಟಿದಾಗ ಮೂರು ತಿಂಗಳು ಅವಳ ಕೆಲಸ ಕಾದಿಟ್ಟವರು. ಕಡೆಗೆ ಹೇಳಿದರು: “ಅಮ್ಮಾ, ನಾವು ಅಚ್ಚು ಹಾಕೋವ್ರು, ಅಷ್ಟೇ. ಕಾಯಿದೆ ಪ್ರಕಾರ ಅಡಿಯಲ್ಲಿ ನನ್ನ ಪ್ರೆಸ್ ಹೆಸರಿದೆ. ಇಲ್ಲಿಂದ ಒಂದು ಹಾಳೆ ಹೊರಗೆ ಹೋದರೆ ಯಾರು ಒಯ್ದರು ಅಂತ ಯಾರೂ ಕೇಳಬೇಕಾಗಿಲ್ಲ. ನಮ್ಮ ಪ್ರೆಸ್ಸಿನಲ್ಲಿ ಗುಡ್ಡದ ಮೇಲಿರೋಳು ನೀನೊಬ್ಬಳೇ.”

ಅವಳು ತಲೆಯಾಡಿಸಿದಳು. ಸಂಜೆ ಹೊರಡುವಾಗ ಮಾತ್ರ ರದ್ದಿ ಬುಟ್ಟಿಯಿಂದ ಎರಡು ಹಾಳೆ ತೆಗೆದು ಊಟದ ಡಬ್ಬಿಯ ಕೆಳಗೆ ಮಡಚಿಟ್ಟುಕೊಂಡಳು. ಮೆಟ್ಟಿಲು ಹತ್ತುವಾಗ ಹಿಂದೆ ಯಾರೋ ಬರುತ್ತಿದ್ದಾರೆ ಅನ್ನಿಸಿ ಎರಡು ಸಲ ನಿಂತಳು. ಯಾರೂ ಇರಲಿಲ್ಲ.

ಅವಳಿಗೆ ಎಲ್ಲಕ್ಕಿಂತ ಹೆಚ್ಚಿನ ಹೆದರಿಕೆ ಗಂಡ ಏನನ್ನುತ್ತಾನೋ ಎಂಬುದು. ಆರು ವರ್ಷದ ಹಿಂದೆ ಮನೆ ಕೆಡವಲು ಯಂತ್ರಗಳು ಬಂದಾಗ ಈ ಸೂರ್ಯಪ್ರಕಾಶರು ಕಪ್ಪು ಕೋಟಿನಲ್ಲೇ ಬಂದು ಮೊದಲ ಮೆಟ್ಟಿಲ ಮೇಲೆ ಕೂತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ, ಬಿಸಿಲಲ್ಲಿ. ರಾಮಮೋಹನ ಅವರ ತಲೆಗೆ ಒದ್ದೆ ಟವಲು ಹೊದಿಸುತ್ತ ಪಕ್ಕದಲ್ಲೇ ಇದ್ದ. ಯಂತ್ರಗಳು ವಾಪಸು ಹೋದವು. ಅಂದಿನಿಂದ ಅವನ ಪಾಲಿಗೆ ಆ ಮನುಷ್ಯ ಹೇಳಿದ್ದೇ ಮಾತು. ಈಗ ದಿನಾ ಡಿಪೋದಿಂದ ಬಂದವನೇ ಕೈಕಾಲು ತೊಳೆಯದೆ ಪ್ರಚಾರಕ್ಕೆ ಹೋಗುತ್ತಿದ್ದ.

ಹಾಳೆ ತೋರಿಸಿದಾಗ ಅವನು ಬಹಳ ಹೊತ್ತು ಓದಿದ. ಆಮೇಲೆ, ಇದು ಎದುರು ಪಕ್ಷದವರು ಅಚ್ಚು ಹಾಕಿಸಿದ್ದು ಎಂದ. ಬರೆದ ಪ್ರತಿ ತಂದುಕೊಟ್ಟದ್ದು ಸೂರ್ಯಪ್ರಕಾಶರದೇ ಆಫೀಸಿನ ಗುಮಾಸ್ತ, ಬಿಲ್ಲೂ ಅವರ ಹೆಸರಿಗೇ ಎಂದಳು ಸುಮಿತ್ರಾ. ಹಾಗಾದರೆ ಗುಮಾಸ್ತನ ಕೈವಾಡ ಎಂದ. ಅವನು ಹಾಳೆಗಳನ್ನು ಮಡಚಿ ಹಿಂದಕ್ಕೆ ಕೊಟ್ಟ. “ಯಾರಿಗೂ ತೋರಿಸಬೇಡ ಸುಮಿತ್ರಾ,” ಎಂದ. “ಅವರು ಬರ್ತಾರೆ ಭಾನುವಾರ. ನಾನೇ ಕೇಳ್ತೀನಿ.”

ಮರುದಿನ ನಲ್ಲಿಯ ಹತ್ತಿರ ಕೊಡ ಸಾಲಿಗಿಟ್ಟು ನಿಂತ ಹೆಂಗಸರ ಮಾತೆಲ್ಲ ಅದೇ. ಸುಮಿತ್ರಾ ಬಾಯಿ ಬಿಟ್ಟಿರಲಿಲ್ಲ, ಆದರೆ ಪೇಟೆಯಲ್ಲಿ ಮೂಟೆ ಹೊರುವವರು ವರ್ತಕರ ಸಭೆಯಲ್ಲಿ ಏನೋ ಕೇಳಿ ಬಂದಿದ್ದರು. ರವಿಕೆ ಹೊಲಿಯುವ ಹೈಮಾವತಿಗೆ ಅದರಲ್ಲಿ ತಪ್ಪೇ ಕಾಣಲಿಲ್ಲ. ಪೇಟೆಯವರ ಓಟಿಲ್ಲದೆ ಸೂರ್ಯಪ್ರಕಾಶರು ಗೆಲ್ಲುವುದು ಹೇಗೆ, ಗೆಲ್ಲದೆ ನಮಗೆ ಪಟ್ಟಾ ಕೊಡಿಸುವುದು ಹೇಗೆ, ಅಲ್ಲಿ ಆಡಿದ್ದು ಸುಳ್ಳು, ಇಲ್ಲಿ ಆಡಿದ್ದು ನಿಜ ಎಂದಳು. ಪೇಟೆಯಲ್ಲಿ ಕೂತವರೂ ಇದನ್ನೇ ತಿರುಗಿಸಿ ಹೇಳುತ್ತಿರಬಹುದು ಎಂದು ಸುಮಿತ್ರಾಳಿಗೆ ಹೊಳೆಯಿತು.

ಆಗ ಲಕ್ಷ್ಮೀಕಾಂತಮ್ಮ ಮಾತಾಡಿದರು. ಗುಡ್ಡದ ಮೇಲಿನ ಸಾಲಿನ ಮುದುಕಿ. ಮೂರು ವರ್ಷದ ಹಿಂದೆ ಮಳೆಯಲ್ಲಿ ಉರುಳಿದ ಬಂಡೆ ಅವರ ಗಂಡ ಮಲಗಿದ್ದ ಕೋಣೆಯ ಮೇಲೆ ಬಿದ್ದಿತ್ತು. “ಅವನು ಪೇಟೆಯಲ್ಲಿ ಹೇಳಿದ್ದೇ ನಿಜ ಆಗಲಿ ಅಂತ ನನಗಾಸೆ,” ಎಂದರು. “ಮಳೆ ಬಂದರೆ ನಾನು ಗೋಡೆಗೆ ಕಿವಿ ಕೊಟ್ಟು ಕೂತಿರ್ತೀನಿ.”

ನಲ್ಲಿಯ ನೀರು ಕೊಡ ತುಂಬಿ ಹರಿಯುತ್ತಿತ್ತು. ಯಾರೂ ಕೊಡ ಸರಿಸಲಿಲ್ಲ.

ಸುಮಿತ್ರಾಳಿಗೆ ಒಂದು ನೆನಪಾಯಿತು. ಸೂರ್ಯಪ್ರಕಾಶರು ಮೊದಲು ವಕೀಲಿ ಮಾಡುತ್ತಿದ್ದದ್ದು ವಿಶಾಖಪಟ್ಟಣದಲ್ಲಿ. ಅಲ್ಲೂ ಹೀಗೇ ಎಬ್ಬಿಸಲು ಹೊರಟಿದ್ದ ಒಂದು ಕೇರಿಯ ಪರವಾಗಿ ಕೋರ್ಟಿಗೆ ಹೋಗಿದ್ದರೆಂದು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಅವಳ ತಮ್ಮ ಬಾಲಚಂದ್ರ ಈಗ ಆ ಊರಲ್ಲೇ ಬ್ಯಾಂಕಿನ ಗುಮಾಸ್ತ. ಎಸ್‌ಟಿಡಿ ಬೂತಿನಿಂದ ಫೋನು ಮಾಡಿ, ಹೋಗಿ ವಿಚಾರಿಸು ಎಂದಳು. ಶನಿವಾರ ಮಧ್ಯಾಹ್ನ ಮತ್ತೆ ಮಾಡಿದಾಗ ಅವನು ಹೋಗಿ ಬಂದಿದ್ದ.

“ಅಕ್ಕ, ಏನು ಹೇಳ್ಲಿ ನಿಂಗೆ,” ಎಂದ ಬಾಲಚಂದ್ರ. ತುಮಕೂರಿನ ಮಾತು ಕಿವಿಗೆ ಬಿದ್ದದ್ದೇ ಅವಳು ರಿಸೀವರನ್ನು ಇನ್ನೂ ಹತ್ತಿರ ಒತ್ತಿಕೊಂಡಳು. “ನಾಕು ವರ್ಷ ಕೇಸು ನಡೆಸಿದ್ರಂತೆ, ಒಂದು ಕಾಸು ಮುಟ್ಟಲಿಲ್ವಂತೆ. ಆಮೇಲೊಂದಿನ ಕೇರಿಯವ್ರನ್ನ ಕೇಳ್ದೇನೇ ರಾಜಿಗೆ ಸಹಿ ಹಾಕ್ಬಿಟ್ರು. ಊರಾಚೆ ಸೈಟು ಸಿಕ್ತು, ಪಟ್ಟಾನೂ ಸಿಕ್ತು. ಎರಡು ವರ್ಷ ನೀರಿರ್ಲಿಲ್ಲ.”

“ಜನ ಏನಂತಾರೆ?”

“ಒಂದು ಮನೇಲಿ ಅವ್ರ ಫೋಟೋ ದೇವ್ರ ಪಕ್ಕ ಇಟ್ಟವ್ರೆ. ಪಕ್ಕದ ಮನೇಲಿ ಹೆಸರೆತ್ತಿದ್ರೆ ಉಗೀತಾರೆ. ನೀನು ಆ ಗುಡ್ಡ ಬಿಟ್ಟು ಇಲ್ಲಿಗೆ ಬಂದ್ಬಿಡಕ್ಕ.”

ಫೋನಿಟ್ಟ ಮೇಲೂ ಅವಳಿಗೆ ಬೂತಿನಿಂದ ಹೊರಬರಲು ಆಗಲಿಲ್ಲ. ಆ ಮನುಷ್ಯ ಕಳ್ಳ ಎಂದು ಗೊತ್ತಾಗಿದ್ದರೆ ಸಲೀಸಾಗುತ್ತಿತ್ತು.

ಭಾನುವಾರ ನಾಲ್ಕು ಗಂಟೆಗೆ ತಮಟೆ ಕೇಳಿತು. ಸೂರ್ಯಪ್ರಕಾಶರು ಮೆಟ್ಟಿಲು ಹತ್ತಿ ಬಂದರು. ಆರು ವರ್ಷದಲ್ಲಿ ದಪ್ಪಗಾಗಿದ್ದರು, ಅರ್ಧ ದಾರಿಯಲ್ಲಿ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ರಾಮಮೋಹನ ಕೊರಳಿಗೆ ಹಾರ ಹಾಕಿದ. ಸುಮಿತ್ರಾ ಗಂಡನ ಮುಖವನ್ನೇ ನೋಡುತ್ತ ನಿಂತಳು. ಈಗ ಕೇಳುತ್ತಾನೆ, ಈಗ ಕೇಳುತ್ತಾನೆ. ಅವನು ಕೇಳಲಿಲ್ಲ. ಅಭ್ಯರ್ಥಿ ಅವನ ಹೆಗಲ ಮೇಲೆ ಕೈಯಿಟ್ಟು “ನಮ್ಮ ಮೋಹನ” ಎಂದದ್ದೇ ತಡ, ಅವನು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟ.

ಭಾಷಣ ಮೊದಲಾಯಿತು. ಒಂದು ಕಲ್ಲನ್ನೂ ಮುಟ್ಟಲು ಬಿಡೆನು ಎಂಬ ಮಾತಿಗೆ ಬಂದಾಗ ಸುಮಿತ್ರಾಳ ಕೈ ತಾನಾಗಿ ಹಾಳೆ ಅಡಗಿಸಿಟ್ಟುಕೊಂಡಿದ್ದ ಸೆರಗಿನೊಳಗೆ ಹೋಯಿತು. ಮುಂದೆ ಬಂದಳು. ಮಗಳ ಶಾಲೆ, ದುರ್ಗಾಪ್ರಸಾದರ ಕನ್ನಡಕ, ಗಂಡ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಆದರೂ ಹಾಳೆ ಬಿಡಿಸಿ, ಪ್ರೂಫ್ ಓದುವ ದನಿಯಲ್ಲಿ, ಏರಿಳಿತವಿಲ್ಲದೆ ಎರಡನೆಯ ಕರಪತ್ರವನ್ನು ಮೊದಲಿನಿಂದ ಕಡೆಯವರೆಗೆ ಓದಿದಳು. ತಮಟೆಯವರು ಬಡಿಯುವುದನ್ನು ನಿಲ್ಲಿಸಿದರು.

ಜೊತೆಗೆ ಬಂದಿದ್ದ ಗುಮಾಸ್ತ ಹಾಳೆ ಕಸಿಯಲು ಕೈ ಚಾಚಿದ. ರಾಮಮೋಹನ ಮಧ್ಯೆ ನಿಂತ.

ಸೂರ್ಯಪ್ರಕಾಶರು ಮೊದಲು ನಕ್ಕರು. ಪೇಟೆಯವರಿಗೆ ಅರ್ಥವಾಗುವ ಹಾಗೆ ಬರೆಸಿದ್ದು, ಅಪಾಯದ ಮನೆ ಅಂದರೆ ಎಲ್ಲ ಮನೆಯೂ ಅಲ್ಲ ಎಂದರು. ಯಾವ ಯಾವ ಮನೆ ಎಂದು ಯಾರೋ ಕೇಳಿದರು. ಅಷ್ಟರಲ್ಲಿ ಲಕ್ಷ್ಮೀಕಾಂತಮ್ಮ ಮೇಲಿನ ಸಾಲಿನಿಂದ ಕೋಲೂರಿಕೊಂಡು ಇಳಿದು ಬಂದು ಸೂರ್ಯಪ್ರಕಾಶರೆದುರು ನಿಂತರು.

“ಬಾಬೂ, ನನ್ನ ಯಜಮಾನರ ಹೆಣ ಎತ್ತುವಾಗ ನೀನೂ ಬಂದಿದ್ದೆ. ಗೆದ್ದ ಮೇಲೆ ಎರಡರಲ್ಲಿ ಯಾವುದು ಮಾಡ್ತೀಯ, ಅದನ್ನ ಹೇಳು.”

ಸೂರ್ಯಪ್ರಕಾಶರು ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದರು. ಮುಖದ ನಗು ಹೋಗಿತ್ತು. “ಬಂಡೆ ಬೀಳುತ್ತೆ ಅಂತ ನನಗೆ ಗೊತ್ತು, ಅಮ್ಮಾ. ನಿಮ್ಮನ್ನು ಊರಾಚೆ ಹಾಕಿದರೆ ನಿಮ್ಮ ಕೂಲಿ ಹೋಗುತ್ತೆ ಅಂತಲೂ ಗೊತ್ತು. ಯಾವುದು ಮಾಡ್ತೀನಿ ಅಂತ ನನಗೇ ಇನ್ನೂ ಗೊತ್ತಿಲ್ಲ.”

ಈ ಮಾತು ಎರಡೂ ಕರಪತ್ರಗಳಿಗಿಂತ ಹೆಚ್ಚಾಗಿ ಸುಮಿತ್ರಾಳನ್ನು ಹೆದರಿಸಿತು. ಅದು ನಿಜವೆಂದು ಅವಳಿಗೆ ಅನ್ನಿಸಿತು. ಮೂರನೆಯದೊಂದು ಜಾಣ ಸುಳ್ಳಿರಬಹುದೆಂದೂ ಅನ್ನಿಸಿತು. ಎರಡನ್ನೂ ಬೇರೆ ಮಾಡುವ ಗೆರೆ ಎಷ್ಟು ಹುಡುಕಿದರೂ ಸಿಗಲಿಲ್ಲ. ನಮ್ಮನ್ನು ಕೇಳದೆ ಎಲ್ಲೂ ಸಹಿ ಹಾಕಬೇಡಿ, ವಿಶಾಖಪಟ್ಟಣದ ಹಾಗೆ ಮಾಡಬೇಡಿ ಎಂದಷ್ಟೇ ಅವಳು ಹೇಳಿದಳು. ಅವರು ತಟ್ಟನೆ ಅವಳತ್ತ ತಿರುಗಿದರು. ಹಾರವನ್ನು ಗುಮಾಸ್ತನ ಕೈಗೆ ಕೊಟ್ಟು, ಕೈಮುಗಿದು ಇಳಿದು ಹೋದರು.

ಸೋಮವಾರ ದುರ್ಗಾಪ್ರಸಾದರು ಅವಳನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ, ಚುನಾವಣೆ ಮುಗಿಯುವವರೆಗೆ ಬರಬೇಡಮ್ಮಾ ಎಂದರು. ಆಮೇಲೆ ಕರೆಯುತ್ತಾರೋ ಇಲ್ಲವೋ ಎಂದು ಕೇಳುವ ಧೈರ್ಯ ಅವಳಿಗೆ ಆಗಲಿಲ್ಲ. ಬಂದ ದಾರಿಯಲ್ಲೇ ಹಿಂದಿರುಗಿದಳು.

ಓಟಿನ ದಿನದ ಹೊತ್ತಿಗೆ ಗುಡ್ಡ ಎರಡಾಗಿತ್ತು. ಹೈಮಾವತಿ ಅವಳ ಜೊತೆ ಮಾತು ಬಿಟ್ಟಳು. ಇದ್ದೊಬ್ಬ ಆಸರೆಯ ಮನುಷ್ಯನನ್ನೂ ಅವಮಾನ ಮಾಡಿ ಕಳಿಸಿದಳೆಂದು ಅವಳ ಸಿಟ್ಟು. ಇಷ್ಟಾದರೂ ನಿಜ ಒಪ್ಪಿಕೊಂಡವನು ಅವನೊಬ್ಬನೇ ಎಂದು ಕೆಲವರು. ಸಿಕ್ಕಿಬಿದ್ದ ಮೇಲೆ ಎಲ್ಲರೂ ಒಪ್ಪಿಕೊಳ್ಳುತ್ತಾರೆ ಎಂದು ಕೆಲವರು. ರಾಮಮೋಹನ ಪ್ರಚಾರಕ್ಕೆ ಹೋಗುವುದನ್ನು ನಿಲ್ಲಿಸಿದ. ಅವಳನ್ನು ಬೈಯಲೂ ಇಲ್ಲ. ಊಟಕ್ಕೆ ಕೂತರೆ ತಟ್ಟೆಯಲ್ಲೇ ಕಣ್ಣು. ಮತಗಟ್ಟೆಗೆ ಇಬ್ಬರೂ ಒಟ್ಟಿಗೆ ಹೋದರು, ಯಾರು ಯಾರಿಗೆ ಹಾಕಿದರೆಂದು ಒಬ್ಬರನ್ನೊಬ್ಬರು ಕೇಳಲಿಲ್ಲ. ಮರೆಯಲ್ಲಿ ನಿಂತಾಗ ಸುಮಿತ್ರಾಳ ಕೈಯ ಮುದ್ರೆ ಹಾಳೆಯ ಮೇಲೆ ಸುಮಾರು ಹೊತ್ತು ಹಾಗೇ ನಿಂತಿತ್ತು. ಹೊರಗೆ ಅಧಿಕಾರಿ ಕೆಮ್ಮಿದ ಮೇಲೆ ಒತ್ತಿದಳು.

ಸೂರ್ಯಪ್ರಕಾಶರು ಗೆದ್ದರು. ಜನವರಿಯಲ್ಲಿ ದುರ್ಗಾಪ್ರಸಾದರು ಹೇಳಿ ಕಳಿಸಿದರು. ಪಂಚಾಂಗದ ಕೆಲಸ ಬಂದಿತ್ತು, ತಪ್ಪು ಹಿಡಿಯುವ ಬೇರೆ ಕಣ್ಣು ಅವರಿಗೆ ಸಿಕ್ಕಿರಲಿಲ್ಲ.

ಮಾರ್ಚಿನ ಒಂದು ಬೆಳಿಗ್ಗೆ ಟೇಪು ಹಿಡಿದ ಸರ್ವೆಯವರು ಮೂವರು ಮೆಟ್ಟಿಲು ಹತ್ತಿ ಬಂದು ಬಾಗಿಲು ಬಾಗಿಲಿಗೆ ಕೆಂಪು ಬಣ್ಣದಲ್ಲಿ ನಂಬರು ಬರೆಯತೊಡಗಿದರು. ಸುಮಿತ್ರಾಳ ಬಾಗಿಲಿಗೆ ಬಂದದ್ದು ನಲವತ್ತೇಳು. ಇದು ಪಟ್ಟಾ ಕೊಡಲಿಕ್ಕೋ, ಎಬ್ಬಿಸಲಿಕ್ಕೋ ಎಂದು ಕೇಳಿದಳು. ಬರೆಯುತ್ತಿದ್ದವನು ಅವಳ ಮುಖ ನೋಡದೆ, “ನಂಬರು ಹಾಕಿ ಬನ್ನಿ ಅಂದ್ರು ಅಮ್ಮಾ, ಯಾತಕ್ಕೆ ಅಂತ ನಮಗೆ ಹೇಳಿಲ್ಲ,” ಎಂದು ಪಕ್ಕದ ಮನೆಗೆ ಸರಿದ.

ಹೈಮಾವತಿ ತನ್ನ ಹೊಸ್ತಿಲಲ್ಲಿ ನಲವತ್ತೆಂಟರ ಕೆಳಗೆ ನಿಂತಿದ್ದಳು. ನಾಲ್ಕು ತಿಂಗಳಲ್ಲಿ ಮೊದಲ ಸಲ ಇಬ್ಬರ ಕಣ್ಣೂ ಕೂಡಿದವು. ಏನಂದರು ಎಂದು ಅವಳೇ ಕೇಳಿದಳು. ಅವರಿಗೂ ಗೊತ್ತಿಲ್ಲವಂತೆ ಎಂದಳು ಸುಮಿತ್ರಾ.

ಒಳಗೆ ರಾಮಮೋಹನ ಡಿಪೋಗೆ ಹೊರಡಲು ಖಾಕಿ ಅಂಗಿ ಹಾಕಿಕೊಂಡಿದ್ದ. ಹೊರಗೆ ಬಂದು ನಂಬರನ್ನು ನೋಡಿದ. ಆಮೇಲೆ ಒಳಗೆ ಹೋಗಿ ಖಾಕಿ ಬಿಚ್ಚಿ ಬಿಳಿಯದು ಹಾಕಿಕೊಂಡು ಬಂದ. “ನಡಿ, ಅವರ ಆಫೀಸಿಗೆ ಹೋಗೋಣ. ಈ ಸಲ ನಾನು ಕೇಳ್ತೀನಿ,” ಎಂದ. ಸುಮಿತ್ರಾ ಬಾಗಿಲಿಗೆ ಬೀಗ ಹಾಕಿದಳು. ಬಣ್ಣ ಇನ್ನೂ ಒಣಗಿರಲಿಲ್ಲ, ಬೆರಳಿಗೆ ಹತ್ತಿತು. ಅವರು ಹತ್ತು ಮೆಟ್ಟಿಲು ಇಳಿಯುವಷ್ಟರಲ್ಲಿ ಹೈಮಾವತಿ ಹಿಂದಿನಿಂದ, ನಿಲ್ಲಿ, ನಾನೂ ಬರುತ್ತೇನೆ ಎಂದು ಕೂಗಿದಳು.